ಹಳೆ ಮ್ಯಾಸಿ: ಗ್ಯಾಸಿಗೆ ಬದಲಿಸುವುದೋ, ಡೀಸೆಲ್‌ನಲ್ಲೇ ಉಳಿಸುವುದೋ

ಹಳೆ ಟ್ರ್ಯಾಕ್ಟರಿಗೆ ಯಾವ ಇಂಧನ ಒಳ್ಳೆಯದು ಎಂಬ ಮಾತು ಬಂದರೆ ಎಲ್ಲರೂ ಮೊದಲು ಪಂಪಿನ ದರ ಹೇಳುತ್ತಾರೆ. ನಾನು ಮೊದಲು ಕೇಳುವುದು ಬೇರೆ. ಪಂಪು ಹೊಲದಿಂದ ಎಷ್ಟು ದೂರ? ಇಂಜಿನ್ ಎಷ್ಟು ಸವೆದಿದೆ? ಗಾಡಿ ವರ್ಷಕ್ಕೆ ಎಷ್ಟು ತಾಸು ಓಡುತ್ತದೆ? ಇಷ್ಟಕ್ಕೆ ಉತ್ತರ ಸಿಕ್ಕಿತೆಂದರೆ ದರದ ಮಾತಿಗೆ ಅಷ್ಟು ಜಾಗ ಉಳಿಯುವುದಿಲ್ಲ.

ನಮ್ಮ ಮನೆಯಲ್ಲಿ ಈ ಚರ್ಚೆ ಎಬ್ಬಿಸಿದವನು ಅಣ್ಣನ ಮಗ. ಮುಧೋಳ ತಾಲ್ಲೂಕಿನಲ್ಲಿ, ಘಟಪ್ರಭೆಯ ದಂಡೆಗೆ ಹತ್ತಿರವಿರುವ ಎರೆ ಹೊಲ ನಮ್ಮದು. ಕಬ್ಬು ಹೆಚ್ಚು, ಉಳಿದದ್ದರಲ್ಲಿ ಗೋವಿನಜೋಳ, ಸ್ವಲ್ಪ ಅರಿಷಿಣ. ಮನೆಯಲ್ಲಿರುವುದು ಮ್ಯಾಸಿ ಫರ್ಗ್ಯೂಸನ್ 1035, ಮೂರು ಸಿಲಿಂಡರಿನ ಸಿಂಪ್ಸನ್ ಇಂಜಿನ್. ಹರಗುವುದು, ಸಾಲು ಬಿಡುವುದು, ಔಷಧ ಹೊಡೆಯುವುದು, ನೀರಿನ ಟ್ಯಾಂಕರ್, ಒಂದು ಟ್ರೇಲರ್ ಗೊಬ್ಬರ, ಇಷ್ಟು ಅದರ ಕೆಲಸ. ಕಾರ್ಖಾನೆಗೆ ಕಬ್ಬು ಹೊರುವ ಡಬಲ್ ಟ್ರೇಲರಿಗೆ ಅದನ್ನು ಎಂದೂ ಕಟ್ಟಿಲ್ಲ. ಈಚೆಗೆ ಕಪ್ಪು ಹೊಗೆ ಹೆಚ್ಚಾಗಿ, ಏರು ಬಂದರೆ ದಮ್ಮು ಕಟ್ಟಿದ ಹಾಗೆ ಮಾಡತೊಡಗಿತ್ತು. ಆಗ ಅವನು ಅಂದ: "ಕಾಕಾ, ಹೆಂಗೂ ಇಂಜಿನ್ ಬಿಚ್ಚಬೇಕಾಗೇದ. ಅದರ ಕೂಡ ಗ್ಯಾಸ್ ಕಿಟ್ಟೂ ಹಾಕಿಸಿಬಿಡೂಣು. ಡೀಸೆಲ್ ಖರ್ಚು ಅರ್ಧಕ್ಕ ಬರತೈತಂತ." ಗ್ಯಾಸ್ ಎಂದರೆ ಇಲ್ಲಿ ಸಿಎನ್‌ಜಿ, ಒತ್ತಿ ತುಂಬಿದ ನೈಸರ್ಗಿಕ ಅನಿಲ.

ಬೇಸಾಯ ಬಿಟ್ಟು ಹುಬ್ಬಳ್ಳಿ ಬೆಂಗಳೂರು ಎಂದು ಹೋಗದೆ ಹೊಲದಲ್ಲಿ ನಿಂತ ಹುಡುಗ ಕೇಳುವ ಪ್ರಶ್ನೆಗೆ "ಬ್ಯಾಡ ಬಿಡಪಾ" ಎಂದು ಕೈ ಕೊಡವಿ ಏಳಬಾರದು. ಆದ್ದರಿಂದ ಅವನಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಪ್ರಶ್ನೆ ಹಳೆಯದು. ನಮ್ಮ 1035ರ ಹಿರಿಯ ಬಳಗ ಎನ್ನಬಹುದಾದ ಮ್ಯಾಸಿ ಫರ್ಗ್ಯೂಸನ್ 35 ಮತ್ತು 135 ಅಮೆರಿಕದಲ್ಲಿ ಎರಡು ಬಗೆಯಾಗಿ ಮಾರಾಟವಾದವು. ಒಂದು ಬಗೆಯಲ್ಲಿ ನಾಲ್ಕು ಸಿಲಿಂಡರಿನ ಕಾಂಟಿನೆಂಟಲ್ ಪೆಟ್ರೋಲ್ ಇಂಜಿನ್, ಇನ್ನೊಂದರಲ್ಲಿ ಮೂರು ಸಿಲಿಂಡರಿನ ಪರ್ಕಿನ್ಸ್ ಡೀಸೆಲ್. ಅದಕ್ಕೂ ಮೊದಲು 1946ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಫರ್ಗ್ಯೂಸನ್ ಟಿಇ20 ಶುರುವಾದದ್ದೇ ಪೆಟ್ರೋಲಿನಿಂದ. ಸೀಮೆಎಣ್ಣೆಯಂಥ ಅಗ್ಗದ ಎಣ್ಣೆಯಲ್ಲಿ ಓಡುವ ಮಾದರಿ ಆಮೇಲೆ ಬಂತು, ಡೀಸೆಲ್ 1951ರಲ್ಲಿ. ಆ ಟ್ರ್ಯಾಕ್ಟರುಗಳನ್ನು ಇವತ್ತಿಗೂ ಅಲ್ಲಿ ಕೊಂಡು ದುಡಿಸುವವರಿದ್ದಾರೆ, ಅವರ ಮುಂದೆಯೂ ಇದೇ ಪ್ರಶ್ನೆ. ಪೆಟ್ರೋಲ್ ಗಾಡಿ ಚಳಿಯಲ್ಲಿ ಬೇಗ ಹತ್ತುತ್ತದೆ, ಸದ್ದು ಕಡಿಮೆ, ಕಾರ್ಬುರೇಟರು ಮತ್ತು ಪ್ಲಗ್ಗು ಮನೆಯಲ್ಲೇ ಬಿಚ್ಚಿ ಸ್ವಚ್ಛ ಮಾಡಬಹುದು. ವಾರಕ್ಕೊಮ್ಮೆ ಹುಲ್ಲು ಕತ್ತರಿಸುವವನಿಗೆ ಅಷ್ಟು ಸಾಕು. ದಿನವಿಡೀ ಎಳೆಯುವ ಕೆಲಸವಿದ್ದವನು ಮಾತ್ರ ಡೀಸೆಲ್ಲನ್ನೇ ಹುಡುಕುತ್ತಾನೆ. ಕಾರಣ ಸರಳ. ನೆಬ್ರಾಸ್ಕಾ ವಿಶ್ವವಿದ್ಯಾಲಯ 1920ರಿಂದ ಟ್ರ್ಯಾಕ್ಟರುಗಳನ್ನು ಪರೀಕ್ಷಿಸಿ ಅಂಕಿ ಪ್ರಕಟಿಸುತ್ತ ಬಂದಿದೆ. ಅಲ್ಲಿನ ಕೃಷಿ ಎಂಜಿನಿಯರುಗಳು ಬಳಸುವ ರೂಢಿಯ ಲೆಕ್ಕದ ಪ್ರಕಾರ, ಪೆಟ್ರೋಲ್ 100 ಲೀಟರ್ ಬೇಕಾಗುವ ಕೆಲಸಕ್ಕೆ ಡೀಸೆಲ್ ಸುಮಾರು 73 ಲೀಟರ್ ಸಾಕು. ಅದೇ ಎಲ್‌ಪಿಜಿ ಆದರೆ 120 ಲೀಟರ್ ಬೇಕು.

ನಮ್ಮಲ್ಲಿ ಆ ಆಯ್ಕೆ ರೈತನ ಮುಂದೆ ಬರಲೇ ಇಲ್ಲ. ಚೆನ್ನೈನ ಸಿಂಪ್ಸನ್ ಕಂಪನಿ ಪರ್ಕಿನ್ಸ್ ಪರವಾನಗಿಯಲ್ಲಿ ಡೀಸೆಲ್ ಇಂಜಿನ್ ತಯಾರಿಸಿತು, ನಮ್ಮಲ್ಲಿ ಮ್ಯಾಸಿ ತಯಾರಿಸುವ ಟಾಫೆ ಕಂಪನಿ ಅದನ್ನು ತನ್ನ ಗಾಡಿಗೆ ಹಾಕಿತು. ಎಚ್‌ಎಂಟಿಯ ಝೆಟರ್ ಆಗಲಿ, ಮಹೀಂದ್ರಾದ ಬಿ-275 ಆಗಲಿ, ಎಲ್ಲವೂ ಡೀಸೆಲ್. ಡೀಸೆಲ್ ದರವನ್ನು ಸರ್ಕಾರವೇ ಹಿಡಿದಿಟ್ಟ ಕಾಲ ಅದು. ಪೆಟ್ರೋಲ್ ದರ 2010ರ ಜೂನ್‌ನಲ್ಲಿ ಮಾರುಕಟ್ಟೆಯ ಕೈಗೆ ಹೋಯಿತು, ಡೀಸೆಲ್ ಹೋದದ್ದು 2014ರ ಅಕ್ಟೋಬರಿನಲ್ಲಿ. ಅಷ್ಟರೊಳಗೆ ನಮ್ಮ ಊರುಗಳಲ್ಲಿ ಒಂದು ಇಡೀ ವ್ಯವಸ್ಥೆ ಬೆಳೆದು ನಿಂತಿತ್ತು. ಮುಧೋಳ, ಜಮಖಂಡಿ, ಮಹಾಲಿಂಗಪುರ, ಗೋಕಾಕ, ಎಲ್ಲಿ ಹೋದರೂ ಲೈನರ್ ಪಿಸ್ಟನ್ ಹಾಕುವವನಿದ್ದಾನೆ, ಹೆಡ್ ಗ್ರೈಂಡಿಂಗ್ ಮಾಡುವವನಿದ್ದಾನೆ, ಡೀಸೆಲ್ ಒತ್ತಿ ಕಳಿಸುವ ಪಂಪು, ಅದನ್ನು ಇಂಜಿನ್ನಿನೊಳಗೆ ಚಿಮ್ಮಿಸುವ ನೋಝಲ್ ನೋಡುವವನಿದ್ದಾನೆ. ಬಿತ್ತಿಗೆ ಹೊತ್ತಿನಲ್ಲಿ ಗಾಡಿ ಕೆಟ್ಟು ನಿಂತರೆ ಸಂಜೆಯೊಳಗೆ ಎದ್ದೇಳುತ್ತದೆಂಬ ಧೈರ್ಯ ಇವರಿಂದ ಬಂದದ್ದು. ಆ ಧೈರ್ಯಕ್ಕೆ ಲೀಟರಿನ ಲೆಕ್ಕದಲ್ಲಿ ಬೆಲೆ ಕಟ್ಟಲಾಗುವುದಿಲ್ಲ.

ಇಂಜಿನ್ನಿನ ಹೆಡ್ ಬಿಚ್ಚುವ ಮೊದಲು ನೋಝಲ್‌ಗಳನ್ನು ಬಿಚ್ಚಿಕೊಂಡು ಮಹಾಲಿಂಗಪುರದ ಒಂದು ಪಂಪ್ ಅಂಗಡಿಗೆ ಹುಡುಗನನ್ನು ಕರೆದುಕೊಂಡು ಹೋದೆ. ಅಲ್ಲಿಯ ನೋಝಲ್ ಪರೀಕ್ಷೆಯನ್ನು ಪ್ರತಿಯೊಬ್ಬ ಟ್ರ್ಯಾಕ್ಟರ್ ಮಾಲೀಕನೂ ನಿಂತು ನೋಡಬೇಕು. ಮೇಜಿನ ಮೇಲೆ ಕೈಯಿಂದ ಒತ್ತುವ ಒಂದು ಪಂಪು, ಅದರ ನೆತ್ತಿಗೆ ಒತ್ತಡದ ಮೀಟರು. ಮಿಸ್ತ್ರಿ ನೋಝಲ್ ಸಿಗಿಸಿ, ನಟ್ಟು ಬಿಗಿದು, ಹಿಡಿಕೆಯನ್ನು ಮೆಲ್ಲಗೆ ಒತ್ತಿದ. ಮೀಟರಿನ ಮುಳ್ಳು ಏರಿ 200 ಬಾರಿನ ಹತ್ತಿರ ಬಂದಾಗ ಚರ್ರೆಂದು ಸದ್ದಾಗಿ ನಾಲ್ಕೂ ತೂತಿನಿಂದ ಡೀಸೆಲ್ ಮಂಜಿನ ಹಾಗೆ ಚಿಮ್ಮಿ ಗಾಳಿಯಲ್ಲಿ ಕರಗಿತು. ತುದಿ ಒಣಗಿಯೇ ಇತ್ತು. ಎರಡನೆಯದೂ ಹಾಗೆಯೇ. ಮೂರನೆಯದು ಮುಳ್ಳು ಅರ್ಧ ಏರುವ ಮೊದಲೇ ತೊಟ್ಟಿಕ್ಕತೊಡಗಿತು, ಒಂದು ತೂತು ಕಟ್ಟಿಹೋಗಿತ್ತು, ಇನ್ನೊಂದರಿಂದ ಧಾರೆಯಾಗಿ ಸುರಿಯಿತು. "ಇದು ನೋಡ್ರಿ ನಿಮ್ಮ ಹೊಗಿ" ಅಂದ ಮಿಸ್ತ್ರಿ. ಮಂಜಾಗದ ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಉರಿಯದೆ ಉಳಿದದ್ದು ಒಂದಿಷ್ಟು ಮಸಿಯಾಗಿ ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ, ಒಂದಿಷ್ಟು ಪಿಸ್ಟನ್ ಓಡಾಡುವ ಲೈನರಿನ ಗೋಡೆಯ ಎಣ್ಣೆಯನ್ನು ತೊಳೆದುಕೊಂಡು ಕೆಳಗಿಳಿದು ಆಯಿಲ್ಲನ್ನು ತೆಳ್ಳಗೆ ಮಾಡುತ್ತದೆ. ಒಂದು ನೋಝಲ್‌ನ ಉಪೇಕ್ಷೆ ಹೀಗೆ ಕ್ರ್ಯಾಂಕಿನ ಬೇರಿಂಗ್‌ವರೆಗೆ ಹೋಗುತ್ತದೆ.

ಹೊಗೆಯ ಬಣ್ಣವನ್ನು ಓದಲು ಕಲಿಯುವುದು ದೊಡ್ಡ ವಿದ್ಯೆಯೇನಲ್ಲ. ಕಪ್ಪು ಹೊಗೆ ಬಂದರೆ ಎಣ್ಣೆ ಹೆಚ್ಚು ಅಥವಾ ಗಾಳಿ ಕಡಿಮೆ. ನೋಝಲ್ ನೋಡಬೇಕು, ಏರ್ ಕ್ಲೀನರಿನ ಬಟ್ಟಲಿನಲ್ಲಿ ಎಣ್ಣೆ ಕೆಸರಾಗಿದೆಯೇ ನೋಡಬೇಕು. ನೀಲಿ ಹೊಗೆ ಇಂಜಿನ್ ಆಯಿಲ್ ಉರಿಯುತ್ತಿರುವ ಗುರುತು, ಅಂದರೆ ರಿಂಗು ಲೈನರು ಸವೆದಿವೆ. ಬೆಳಗಿನ ಚಳಿಯಲ್ಲಿ ಸ್ವಲ್ಪ ಬಿಳಿ ಹೊಗೆ ಬಂದು ನಿಂತರೆ ಚಿಂತೆಯಿಲ್ಲ, ಬಿಸಿಯಾದ ಮೇಲೂ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಸುಟ್ಟು ನೀರು ಒಳಗೆ ಹೋಗುತ್ತಿರಬಹುದು. ಇದನ್ನೆಲ್ಲ ಹೇಳುವಾಗ ಹುಡುಗ ಒಂದು ಸರಿಯಾದ ಮಾತು ಆಡಿದ. "ಹೊಗಿ ಓದೂದು ಇರಲಿ ಕಾಕಾ, ಅದನ್ನ ಕುಡಿಯಾವ್ರು ನಾವs ಅಲ್ಲ?" ನಿಜ. ನಮ್ಮ ಮ್ಯಾಸಿಯ ಸೈಲೆನ್ಸರ್ ಡ್ರೈವರಿನ ಮೂಗಿನ ನೇರಕ್ಕೇ ನಿಂತಿದೆ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಸಾರಿದೆ. ಗ್ಯಾಸಿನ ಪರವಾಗಿ ಅವನು ಹೇಳಿದ್ದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಮಾತು ಇದೊಂದೇ, ದರದ್ದಲ್ಲ.

ಹಾಗಿದ್ದೂ ಈ ಇಂಜಿನ್ನಿಗೆ ಗ್ಯಾಸ್ ಯಾಕೆ ಬೇಡ ಅಂದೆ? ಡೀಸೆಲ್ ಇಂಜಿನ್ನಿನಲ್ಲಿ ಕಿಡಿ ಹಚ್ಚುವ ಪ್ಲಗ್ ಇಲ್ಲ. ಒಳಗೆ ಬಂದ ಗಾಳಿಯನ್ನು ಹದಿನಾರು ಹದಿನೇಳು ಪಟ್ಟು ಒತ್ತಿ ಚಿಕ್ಕದು ಮಾಡಿದಾಗ ಅದು 500 ಡಿಗ್ರಿ ಮೀರಿ ಕಾಯುತ್ತದೆ. ಆ ಬಿಸಿಗೆ ಡೀಸೆಲ್ ಬಿದ್ದರೆ ತಾನೇ ಹತ್ತಿಕೊಳ್ಳುತ್ತದೆ, ಅದಕ್ಕೆ 250 ಡಿಗ್ರಿ ಆಸುಪಾಸಿನ ಬಿಸಿ ಸಾಕು. ಸಿಎನ್‌ಜಿಯಲ್ಲಿರುವ ಮಿಥೇನ್ ತಾನಾಗಿ ಹತ್ತಲು 540 ಡಿಗ್ರಿಯಷ್ಟು ಬೇಕು. ಬರಿಯ ಒತ್ತಡವನ್ನೇ ನಂಬಿ ಗ್ಯಾಸ್ ಓಡಿಸಲಾಗುವುದಿಲ್ಲ, ಬೇರೆ ದಾರಿ ಮಾಡಬೇಕು.

ದಾರಿ ಎರಡಿವೆ. ಮೊದಲನೆಯದರಲ್ಲಿ ಡೀಸೆಲ್ ಪಂಪು, ನೋಝಲ್ ಎಲ್ಲ ತೆಗೆದು, ನೋಝಲ್ ಇದ್ದ ಜಾಗದಲ್ಲಿ ಸ್ಪಾರ್ಕ್ ಪ್ಲಗ್ ಕೂರಿಸಿ, ಪಿಸ್ಟನ್ ತಲೆ ಕೊರೆದು ಒತ್ತುವ ಪ್ರಮಾಣವನ್ನು ಹತ್ತು ಹನ್ನೆರಡಕ್ಕೆ ಇಳಿಸಬೇಕು. ವಾಲ್ವ್ ಸೀಟನ್ನು ಗಟ್ಟಿ ಲೋಹದ್ದಾಗಿ ಬದಲಿಸದಿದ್ದರೆ ಗ್ಯಾಸಿನ ಒಣ ಉರಿಗೆ ಅದು ಬೇಗ ಸವೆಯುತ್ತದೆ. ಅಲ್ಲಿಗೆ ಹಳೆ ಇಂಜಿನ್ನಿನ ಬ್ಲಾಕು ಕ್ರ್ಯಾಂಕು ಬಿಟ್ಟರೆ ಉಳಿದದ್ದೆಲ್ಲ ಬೇರೆಯದೇ. ಎರಡನೆಯ ದಾರಿ, ಡೀಸೆಲ್ ವ್ಯವಸ್ಥೆಯನ್ನು ಇದ್ದಂತೆ ಇಟ್ಟು ಗ್ಯಾಸನ್ನು ಗಾಳಿಯ ಜೊತೆ ಒಳಗೆ ಬಿಡುವುದು. ಸ್ವಲ್ಪವೇ ಡೀಸೆಲ್ ಬಿದ್ದು ಕಿಡಿಯ ಕೆಲಸ ಮಾಡುತ್ತದೆ. ಗ್ಯಾಸ್ ಮುಗಿದರೆ ಡೀಸೆಲ್ ಮೇಲೆ ಮನೆಗೆ ಬರಬಹುದು, ಆದ್ದರಿಂದ ನೋಡಲು ಇದೇ ಜಾಣ ದಾರಿ. ಆದರೆ ಟ್ರ್ಯಾಕ್ಟರಿನ ಕೆಲಸ ಬಸ್ಸಿನ ಓಟದಂತೆ ಒಂದೇ ಸಮ ಇರುವುದಿಲ್ಲ. ಹಗುರ ಕೆಲಸದಲ್ಲಿ ಗ್ಯಾಸ್ ಪೂರ್ತಿ ಉರಿಯದೆ ಹಾಗೆಯೇ ಹೊರಗೆ ಹೋಗುತ್ತದೆ, ಮಿಥೇನ್ ಇಂಗಾಲದ ಡೈಆಕ್ಸೈಡಿಗಿಂತ 28 ಪಟ್ಟು ಭೂಮಿಯನ್ನು ಕಾಯಿಸುವ ಅನಿಲ. ಭಾರ ಹೆಚ್ಚಾದಾಗ ಇಂಜಿನ್ ಬಡಿದುಕೊಳ್ಳುತ್ತದೆ. ರೋಟಾವೇಟರ್ ಎರೆಯ ಗಟ್ಟಿ ಹೆಂಟೆಗೆ ಸಿಕ್ಕಿದಾಗ ತಟ್ಟನೆ ಎಣ್ಣೆ ಹೆಚ್ಚಿಸಿ ಸುತ್ತು ಬೀಳದಂತೆ ಕಾಯುವುದು ಪಂಪಿನೊಳಗಿನ ಗವರ್ನರು. ಗ್ಯಾಸಿಗೂ ಅದೇ ಚುರುಕು ತರಲು ಸೆನ್ಸರು, ಕಂಪ್ಯೂಟರು ಬೇಕು. ರಿಂಗು ಸವೆದ, ಒಂದು ಸಿಲಿಂಡರು ಇನ್ನೊಂದರ ಹಾಗಿಲ್ಲದ ಇಂಜಿನ್ ಮೇಲೆ ಅದನ್ನೆಲ್ಲ ಹೂಡುವುದು ಹಣ ಮಣ್ಣಿಗೆ ಹಾಕಿದಂತೆಯೇ ಸರಿ.

ಇನ್ನು ಸಿಲಿಂಡರ್. ಸಿಎನ್‌ಜಿ ತುಂಬುವುದು 200 ಬಾರ್ ಒತ್ತಡದಲ್ಲಿ. ಟ್ರ್ಯಾಕ್ಟರಿನ ಮುಂದಿನ ಟೈರಿನಲ್ಲಿ ಇರುವುದು ಎರಡು ಬಾರಿನ ಸುತ್ತಮುತ್ತ. ಅಷ್ಟು ಒತ್ತಿದರೂ ಡೀಸೆಲ್ಲಿನಷ್ಟೇ ಶಕ್ತಿ ಹೊರಲು ನಾಲ್ಕು ಪಟ್ಟಿಗೂ ಮೀರಿ ಜಾಗ ಬೇಕು. 45 ಲೀಟರ್ ಡೀಸೆಲ್ ಮಾಡುವ ಕೆಲಸಕ್ಕೆ 60 ಲೀಟರ್ ಗಾತ್ರದ ಮೂರು ಉಕ್ಕಿನ ಸಿಲಿಂಡರಾದರೂ ಕಟ್ಟಿಕೊಳ್ಳಬೇಕು, ಒಂದೊಂದು ಖಾಲಿ ಇದ್ದಾಗಲೇ 50 ಕಿಲೋಗೆ ಕಡಿಮೆ ತೂಗುವುದಿಲ್ಲ. ತೂಕವೇನೂ ದೊಡ್ಡ ಮಾತಲ್ಲ, ಪಲ್ಟಿ ನೇಗಿಲು ಹಾಕಿ ಹೊಡೆಯುವಾಗ ಮೂತಿ ಏಳದ ಹಾಗೆ ನಾವೇ ಮುಂದೆ ಕಬ್ಬಿಣದ ತೂಕ ಕಟ್ಟುತ್ತೇವೆ. ಜಾಗದ್ದೇ ತೊಂದರೆ. ಆಳೆತ್ತರದ ಕಬ್ಬಿನ ಸಾಲಿನಲ್ಲಿ, ರವದಿಯ, ಅಂದರೆ ಕಬ್ಬಿನ ಒಣ ಸೋಗೆಯ ನಡುವೆ, ಟ್ರ್ಯಾಕ್ಟರಿನಿಂದ ಹೊರಗೆ ಚಾಚಿದ ಪ್ರತಿಯೊಂದೂ ಎಲ್ಲಾದರೂ ಸಿಕ್ಕಿಕೊಳ್ಳುತ್ತದೆ. ಅದಲ್ಲದೆ ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಒತ್ತಡದ ಪರೀಕ್ಷೆಗೆ ಕೊಡಬೇಕು, ಕಿಟ್ ಆ ಮಾದರಿಗೇ ಒಪ್ಪಿಗೆ ಪಡೆದದ್ದಿರಬೇಕು, ಆರ್‌ಸಿಯಲ್ಲಿ ಇಂಧನ ಬದಲಾದದ್ದನ್ನು ಬರೆಸಬೇಕು. ಬರೆಸದೆ ಓಡಿಸಿ ಏನಾದರೂ ಆದರೆ ವಿಮೆಯವರು ಆ ಕಾಗದವನ್ನೇ ಮೊದಲು ಕೇಳುತ್ತಾರೆ.

ಎಲ್ಲಕ್ಕಿಂತ ದೊಡ್ಡದು ದಾರಿಯ ಪ್ರಶ್ನೆ. ಡೀಸೆಲ್ ಮುಗಿದರೆ ಹುಡುಗ ಬೈಕಿಗೆ ಕ್ಯಾನು ಕಟ್ಟಿಕೊಂಡು ಹೋಗಿ ತರುತ್ತಾನೆ, ಟ್ರ್ಯಾಕ್ಟರ್ ಹೊಲದಲ್ಲೇ ನಿಂತಿರುತ್ತದೆ. ಸಿಎನ್‌ಜಿಯನ್ನು ಕ್ಯಾನಿನಲ್ಲಿ ತರಲಾಗುವುದಿಲ್ಲ, ಟ್ರ್ಯಾಕ್ಟರೇ ಪಂಪಿಗೆ ಹೋಗಬೇಕು. ಹಸಿ ಆರುವ ಮುಂಚೆ ಬಿತ್ತಿ ಮುಗಿಸಬೇಕಾದ ದಿನ, ಕಲ್ಟಿವೇಟರ್ ಬಿಚ್ಚಿಟ್ಟು ಡಾಂಬರು ರಸ್ತೆ ಹಿಡಿದು ಹೋಗಿ ಆಟೋ ಕಾರುಗಳ ಸಾಲಿನಲ್ಲಿ ನಿಂತು ಬರುವುದೆಂದರೆ ಅರ್ಧ ದಿನ ಹೋಯಿತು. ಎರೆಯ ಹಸಿ ಯಾರಿಗೂ ಕಾಯುವುದಿಲ್ಲ.

ಉಳಿತಾಯದ ಮಾತು ಎಲ್ಲಿಂದ ಬಂತೆಂದರೆ, 2021ರ ಫೆಬ್ರುವರಿಯಲ್ಲಿ ಕೇಂದ್ರ ಸಚಿವ ನಿತಿನ್ ಗಡ್ಕರಿ ಅವರು ಡೀಸೆಲ್‌ನಿಂದ ಸಿಎನ್‌ಜಿಗೆ ಬದಲಿಸಿದ ಮೊದಲ ಟ್ರ್ಯಾಕ್ಟರನ್ನು ದೆಹಲಿಯಲ್ಲಿ ತೋರಿಸಿದರು. ರೈತನಿಗೆ ವರ್ಷಕ್ಕೆ 1 ಲಕ್ಷ ರೂಪಾಯಿಗೂ ಹೆಚ್ಚು ಉಳಿಯುತ್ತದೆ ಎಂದು ಆಗ ಹೇಳಲಾಯಿತು. ಲೆಕ್ಕ ಹಾಕಿ ನೋಡಿ. ಖರ್ಚಿನಲ್ಲಿ ಅರ್ಧ ಉಳಿದರೂ, 1 ಲಕ್ಷ ಉಳಿಯಬೇಕಾದರೆ ಮೊದಲು 2 ಲಕ್ಷದ ಡೀಸೆಲ್ ಸುಡುತ್ತಿರಬೇಕು. ನಮ್ಮಂಥ ಮನೆಯ ಟ್ರ್ಯಾಕ್ಟರ್ ವರ್ಷಕ್ಕೆ 400ರಿಂದ 500 ತಾಸು ಓಡಿದರೆ ಹೆಚ್ಚು. ತಾಸಿಗೆ ಮೂರು ಲೀಟರಿನಂತೆ 1500 ಲೀಟರ್. ಲೀಟರಿಗೆ 90 ರೂಪಾಯಿ ಹಿಡಿದರೂ ಇಡೀ ವರ್ಷದ ಖರ್ಚು 1,35,000. ಅದೂ ಅಲ್ಲದೆ ಆ ಮಾತು ಹೇಳಿದಾಗ ದೆಹಲಿಯಲ್ಲಿ ಸಿಎನ್‌ಜಿ ಕಿಲೋಗೆ 42 ರೂಪಾಯಿಯ ಸುಮಾರಿಗಿತ್ತು, ಮರುವರ್ಷವೇ 70 ದಾಟಿತು. ಡೀಸೆಲ್ ಅಷ್ಟು ವೇಗದಲ್ಲಿ ಏರಲಿಲ್ಲ. ಸೀಸನ್‌ನಲ್ಲಿ ಹಗಲು ರಾತ್ರಿ ಬಾಡಿಗೆ ಓಡುವ ದೊಡ್ಡ ಗಾಡಿಗೆ ಆ ಉಳಿತಾಯದ ಮಾತು ಕೂಡಿಬರಬಹುದು. ಮನೆಯ 35 ಎಚ್‌ಪಿಗೆ ಕೂಡಿಬರುವುದಿಲ್ಲ.

ಆದರೂ ಗ್ಯಾಸಿನ ಮೇಲೆ ನನಗೆ ಬಹಳ ಆಸೆಯಿದೆ, ಅದನ್ನು ಹೇಳದೆ ಮುಗಿಸಲಾರೆ. ನಾವು ಕಬ್ಬಿನ ಸೀಮೆಯವರು. ಕಾರ್ಖಾನೆಯಲ್ಲಿ ರಸ ಸೋಸಿದ ಮೇಲೆ ಉಳಿಯುವ ಪ್ರೆಸ್‌ಮಡ್ಡಿನಿಂದ ಗ್ಯಾಸ್ ತೆಗೆದು, ಶುದ್ಧ ಮಾಡಿ, ಒತ್ತಿ ತುಂಬಿದರೆ ಅದೇ ಸಿಎನ್‌ಜಿಯ ಸಮ. ಕೇಂದ್ರ ಸರ್ಕಾರ 2018ರ ಅಕ್ಟೋಬರಿನಲ್ಲಿ ಶುರು ಮಾಡಿದ ಸತತ್ ಯೋಜನೆ ಇದಕ್ಕಾಗಿಯೇ ಇದೆ. ಒಂದು ಟನ್ ಕಬ್ಬಿಗೆ 30ರಿಂದ 40 ಕಿಲೋ ಪ್ರೆಸ್‌ಮಡ್ ಬರುತ್ತದೆ. ಸುಮಾರು 25 ಟನ್ ಪ್ರೆಸ್‌ಮಡ್ಡಿಗೆ ಒಂದು ಟನ್ ಗ್ಯಾಸ್. ಎಕರೆಗೆ 40 ಟನ್ ಕಬ್ಬು ಬೆಳೆದರೆ ಅದರ ಹಿಂದೆ ಹೆಚ್ಚು ಕಡಿಮೆ 56 ಕಿಲೋ ಗ್ಯಾಸ್ ಇದೆ, ಶಕ್ತಿಯಲ್ಲಿ 70 ಲೀಟರಿಗೂ ಮೀರಿದ ಡೀಸೆಲ್ಲಿಗೆ ಸಮ. ಆ ಎಕರೆಯನ್ನು ಪಲ್ಟಿ ಹೊಡೆದು, ರೋಟಾವೇಟರ್ ತಿರುಗಿಸಿ, ಸಾಲು ಬಿಟ್ಟು ಮತ್ತೆ ಕಬ್ಬು ಹಚ್ಚಲು ಅಷ್ಟು ಡೀಸೆಲ್ ಬೇಕಾಗುವುದಿಲ್ಲ. ಅಂದರೆ ಹೊಲದ ಉಳುಮೆಗೆ ಬೇಕಾದ ಶಕ್ತಿ ಆ ಹೊಲದ್ದೇ ಕಸದಲ್ಲಿದೆ. ಗ್ಯಾಸ್ ತೆಗೆದ ಮೇಲೂ ಉಳಿದದ್ದು ಗೊಬ್ಬರವಾಗಿ ತಿರುಗಿ ಬರುತ್ತದೆ, ಹೊಲಕ್ಕೆ ನಷ್ಟವಿಲ್ಲ. ಈ ಲೆಕ್ಕವನ್ನು ಹಾಳೆಯ ಮೇಲೆ ಬಿಡಿಸಿ ತೋರಿಸಿದಾಗ ಹುಡುಗ ಅದನ್ನು ಮಡಿಚಿ ಕಿಸೆಯಲ್ಲಿಟ್ಟುಕೊಂಡ.

ನನ್ನ ಕೇಳಿಕೆ ಇಷ್ಟು. ಗ್ಯಾಸ್ ಮೊದಲು ಕಾರ್ಖಾನೆಯ ಅಂಗಳದಲ್ಲಿ ಶುರುವಾಗಲಿ. ಸೀಸನ್‌ನಲ್ಲಿ ಸಮೀರವಾಡಿಯೇ ಇರಲಿ, ಮುಧೋಳವೇ ಇರಲಿ, ಕಬ್ಬು ತುಂಬಿದ ಟ್ರ್ಯಾಕ್ಟರುಗಳು ತೂಕಕ್ಕಾಗಿ ತಾಸುಗಟ್ಟಲೆ ಸಾಲು ಹಚ್ಚಿ ನಿಲ್ಲುತ್ತವೆ. ಗ್ಯಾಸ್ ಹುಟ್ಟುವುದೂ ಅಲ್ಲೇ, ಹೆಚ್ಚು ಇಂಧನ ಸುಡುವ ಗಾಡಿಗಳು ನಿಲ್ಲುವುದೂ ಅಲ್ಲೇ. ನಿಂತ ಹೊತ್ತಿನಲ್ಲೇ ತುಂಬಿಸಿಕೊಂಡು ಹೊರಟರೆ ಪಂಪಿನ ದಾರಿಯ ಪ್ರಶ್ನೆ ಮುಗಿಯಿತು. ಆ ಗಾಡಿಗಳು ಟ್ರ್ಯಾಕ್ಟರ್ ಕಂಪನಿಯಿಂದಲೇ ಗ್ಯಾಸಿಗೆಂದು ತಯಾರಾಗಿ ಬಂದ ಹೊಸ ಇಂಜಿನ್ನಿನವು ಆಗಿರಬೇಕು. 50 ಎಚ್‌ಪಿ ಮೀರಿದ ಹೊಸ ಟ್ರ್ಯಾಕ್ಟರಿಗೆ 2023ರ ಜನವರಿಯಿಂದ ಹೊಗೆಗೆ ಮಿತಿ ಹಾಕುವ ಟ್ರೆಮ್-4 ನಿಯಮ ಬಂದು, ಡೀಸೆಲ್ ಆದರೂ ಸೆನ್ಸರು ಕಂಪ್ಯೂಟರು ಹೇಗೂ ಒಳಗೆ ಬಂದಿವೆ. ಅಲ್ಲಿ ಗ್ಯಾಸ್ ಸೇರುವುದು ಕಷ್ಟವಲ್ಲ.

ನಮ್ಮ 1035 ಡೀಸೆಲ್‌ನಲ್ಲೇ ಉಳಿಯಿತು. ಮೂರೂ ನೋಝಲ್ ಹೊಸವು, ಪಂಪ್ ಬಿಚ್ಚಿ ಕ್ಯಾಲಿಬ್ರೇಶನ್, ಲೈನರ್ ಪಿಸ್ಟನ್ ಸೆಟ್, ಬೇರಿಂಗು. ಕಿಟ್ಟಿಗೆ ಹೋಗುತ್ತಿದ್ದ ಹಣಕ್ಕಿಂತ ಕಡಿಮೆಯಲ್ಲಿ ಆಯಿತು. ಏರ್ ಕ್ಲೀನರಿನ ಬಟ್ಟಲನ್ನು ರವದಿಯಲ್ಲಿ ಕೆಲಸ ಮಾಡಿದ ದಿನವೆಲ್ಲ ತೊಳೆಯಬೇಕೆಂದು ಹುಡುಗನಿಗೆ ಹೇಳಿದ್ದೇನೆ, ಸೈಲೆನ್ಸರಿನ ಬಾಯಿಯನ್ನು ಸೀಟಿಗಿಂತ ಮೇಲಕ್ಕೆ ಏರಿಸಿ ಹೊರಕ್ಕೆ ತಿರುಗಿಸಿ ವೆಲ್ಡಿಂಗ್ ಮಾಡಿಸಿದ್ದೇವೆ. ಡೀಸೆಲ್ ಯಾವಾಗಲೂ ಒಂದೇ ನಂಬಿಕೆಯ ಪಂಪಿನದು. ಇಂಜಿನ್ನಿನ ಡೀಸೆಲ್ ಪಂಪಿನೊಳಗಿನ ಎಲಿಮೆಂಟುಗಳಿಗೆ ಡೀಸೆಲ್ಲೇ ಜಿಡ್ಡು, ಅದರಲ್ಲಿ ಸೀಮೆಎಣ್ಣೆ ಕೂಡಿದರೆ ಹೊಸ ಪಂಪೂ ಬಾಳುವುದಿಲ್ಲ.

ಹಳೆ ಟ್ರ್ಯಾಕ್ಟರ್ ಕೊಳ್ಳಲು ಹೊರಟವರಿಗೂ ಒಂದೆರಡು ಮಾತು. ಬೆಳಗ್ಗೆ ಹೋಗಿ, ಇಂಜಿನ್ ತಣ್ಣಗಿದ್ದಾಗ ನಿಮ್ಮ ಕೈಯಿಂದಲೇ ಚಾಲೂ ಮಾಡಿ. ಬಿಸಿ ಮಾಡಿ ತಯಾರಾಗಿ ನಿಲ್ಲಿಸಿದ್ದರೆ ಮರುದಿನ ಮತ್ತೆ ಹೋಗಿ. ಓಡುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿ, ಭುಸುಭುಸು ಗಾಳಿ ಬಂದರೆ ರಿಂಗು ಹೋಗಿವೆ. ಡಿಪ್‌ಸ್ಟಿಕ್ಕನ್ನು ಮೂಸಿ ನೋಡಿ, ಡೀಸೆಲ್ ವಾಸನೆ ಬಂದರೆ ನೋಝಲ್ ಸೋರುತ್ತಿದೆ. ಯಾರಾದರೂ ಗ್ಯಾಸಿಗೆ ಬದಲಿಸಿದ ಹಳೆ ಟ್ರ್ಯಾಕ್ಟರನ್ನು ಅಗ್ಗಕ್ಕೆ ಕೊಡುತ್ತೇನೆಂದರೆ ಮೊದಲು ಆರ್‌ಸಿ ಕೇಳಿ, ಆಮೇಲೆ ಸಿಲಿಂಡರಿನ ಮೇಲೆ ಕೊರೆದ ಪರೀಕ್ಷೆಯ ತಾರೀಖು ಓದಿ. ಅದು ಮುಗಿದಿದ್ದರೆ ದರದ ಮಾತಿಗೇ ಇಳಿಯಬೇಡಿ.